ಅಲ್ಪಾವಧಿ ಮಿಷನ್ ಯಾತ್ರೆಯ ದಿನಚರಿ

ಕ್ರೈಸ್ತ ಸಭೆಯೊಂದಕ್ಕೆ ಸೇರಿದ ಕೆಲವರು, ಬಹುಮಟ್ಟಿಗೆ ತರುಣರು, ತಮ್ಮ ಉದ್ಯೋಗ ವ್ಯಾಸಂಗಗಳಿಂದ ಒಂದೆರಡು ವಾರವೋ ಒಂದೆರಡು ವರ್ಷವೋ ಬಿಡುವು ಪಡೆದು, ಪರದೇಶದ ಮತ್ತೊಂದು ಸಭೆಯ ಅತಿಥಿಗಳಾಗಿ ನಿಂತು, ಅಲ್ಲಿಯ ಆರಾಧನೆ, ಬೋಧನೆ, ಶುಶ್ರೂಷೆ, ಕಟ್ಟಡದ ಕೆಲಸ ಮೊದಲಾದವುಗಳಿಗೆ ಕೈಜೋಡಿಸಿ ಸ್ವದೇಶಕ್ಕೆ ಹಿಂದಿರುಗುವ ಪದ್ಧತಿಗೆ ಅಲ್ಪಾವಧಿ ಮಿಷನ್ ಯಾತ್ರೆ ಎಂದು ಹೆಸರು. ಹೋದ ನಾಡಿನಲ್ಲಿಯೇ ಬಾಳಿ, ಅಲ್ಲಿಯ ನುಡಿಯನ್ನು ಕಲಿತು, ಎಷ್ಟೋ ವೇಳೆ ಅಲ್ಲಿಯ ಮಣ್ಣಿನಲ್ಲಿಯೇ ಸೇರಿಹೋಗುತ್ತಿದ್ದ ಹಿಂದಿನ ಮಿಷನರಿಗಳ ಜೀವನಕ್ರಮಕ್ಕೂ ಇದಕ್ಕೂ ಇರುವ ಅಂತರ ಸ್ಪಷ್ಟವಾದುದು. ಇಂದಿನ ರೂಪದಲ್ಲಿ ಈ ಪದ್ಧತಿ ಎರಡನೆಯ ಮಹಾಯುದ್ಧದ ತರುವಾಯ ಬೆಳೆಯಿತು. ಅಮೆರಿಕದ ಜಾರ್ಜ್ ವರ್ವರ್ 1957ರಲ್ಲಿ ಗೆಳೆಯರೊಡಗೂಡಿ ಮೆಕ್ಸಿಕೋ ದೇಶಕ್ಕೆ ಧಾರ್ಮಿಕ ಪುಸ್ತಕಗಳನ್ನು ಒಯ್ದುದು ಆಪರೇಷನ್ ಮೊಬಿಲೈಸೇಷನ್ ಎಂಬ ಸಂಸ್ಥೆಗೆ ಬೀಜವಾಯಿತು. ಲೋರೆನ್ ಕನ್ನಿಂಗ್‌ಹ್ಯಾಮ್ 1960ರಲ್ಲಿ ಸ್ಥಾಪಿಸಿದ ಯೂತ್ ವಿತ್ ಎ ಮಿಷನ್ ಸಂಸ್ಥೆಯೂ ಇದೇ ದಾರಿಯಲ್ಲಿ ನಡೆಯಿತು. ವಿಮಾನಯಾನ ಮಧ್ಯಮ ವರ್ಗದವರ ಕೈಗೆಟುಕಿದ ಮೇಲಂತೂ ಸಾಮಾನ್ಯ ಸಭೆಗಳೂ ರಜೆಯ ದಿನಗಳಲ್ಲಿ ತಮ್ಮ ಯುವಜನರನ್ನು ಹೊರನಾಡುಗಳಿಗೆ ಕಳುಹಿಸತೊಡಗಿದುವು.

ಬೆಂಗಳೂರಿನ ಸಭೆಗಳ ಆಡುಮಾತಿನಲ್ಲಿ ಇದಕ್ಕೆ ಇಷ್ಟು ಉದ್ದದ ಹೆಸರಿಲ್ಲ. ‘ಟೀಮ್ ಬಂದಿದೆ’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಈ ಯಾತ್ರೆಗಳ ವೃತ್ತಾಂತಗಳು ಬಹುಪಾಲು ಬಂದುಹೋದವರ ಲೇಖನಿಯಿಂದ ಹೊರಟವು; ಅವುಗಳಲ್ಲಿ ಬಂದವರು ಕಂಡ ಬೀದಿ, ಉಂಡ ಊಟ, ಅನುಭವಿಸಿದ ಉಲ್ಲಾಸ ತೋರುವಷ್ಟು ವಿಶದವಾಗಿ ಬರಮಾಡಿಕೊಂಡವರ ಮುಖ ತೋರುವುದಿಲ್ಲ. ವಾಸ್ತವದಲ್ಲಿ ಅತಿಥಿಗಳ ದಿನವೆಂಬುದು ಅಡುಗೆಯವರು, ದುಭಾಷಿಗಳು, ಸಭಾಪಾಲಕರು, ಅವರ ಮನೆಯವರು, ಇವರೆಲ್ಲ ಮುಂಚಿತವಾಗಿಯೇ ದುಡಿದು ಸಿದ್ಧಪಡಿಸಿಕೊಟ್ಟ ವಸ್ತು. ಈ ಮಾತು ಇಂದಿನ ಯಾತ್ರೆಗೆ ಹೇಗೋ ನೂರೆಂಬತ್ತು ವರ್ಷಗಳ ಹಿಂದಿನ ಯಾತ್ರೆಗೂ ಹಾಗೆಯೇ ಸಲ್ಲುತ್ತದೆ.

ಲಾಲ್‌ಬಾಗಿಗೂ ಹೊಸೂರು ರಸ್ತೆಗೂ ನಡುವೆ ಹಬ್ಬಿರುವ ವಿಲ್ಸನ್ ಗಾರ್ಡನ್ ಬಡಾವಣೆಯನ್ನು ಕೇಂದ್ರವಾಗಿಟ್ಟುಕೊಂಡು ನೋಡಿದರೆ ಈ ಇತಿಹಾಸದ ಬಹುಭಾಗ ಕಾಲ್ನಡಿಗೆಯ ದೂರದಲ್ಲಿಯೇ ಕಾಣಸಿಗುತ್ತದೆ. ಉತ್ತರಕ್ಕೆ ಶಾಂತಿನಗರವನ್ನು ದಾಟಿದರೆ ಮಿಷನ್ ರಸ್ತೆ, ಅಲ್ಲಿಯ ಸಿ.ಎಸ್.ಐ. ಕಾಂಪೌಂಡಿನಲ್ಲಿ ದಕ್ಷಿಣ ಇಂಡಿಯಾ ಸಭೆಯ ಕರ್ನಾಟಕ ಮಧ್ಯ ಸಭಾಪ್ರಾಂತದ ಕಚೇರಿ, ವಿದ್ಯಾರ್ಥಿ ಕ್ರೈಸ್ತ ಚಳವಳಿಯ ಕೇಂದ್ರ ಕಾರ್ಯಾಲಯ. ಅದೇ ರಸ್ತೆಯಲ್ಲಿ ಮಿತ್ರಾಲಯ ಬಾಲಿಕಾ ಪ್ರೌಢಶಾಲೆ. ಅಲ್ಲಿಂದ ಸ್ವಲ್ಪ ಮುಂದೆ 1904ರ ಹಡ್ಸನ್ ಸ್ಮಾರಕ ದೇವಾಲಯ. ಹೊಸೂರು ರಸ್ತೆಯ ಬದಿಯಲ್ಲಿ ಕ್ರೈಸ್ತರ ವಿಶಾಲವಾದ ಸ್ಮಶಾನವೂ, ಅದರಾಚೆಗೆ ರಿಚ್ಮಂಡ್ ಟೌನಿನ ಮೆಥೊಡಿಸ್ಟ್ ದೇವಾಲಯ ಮತ್ತು ಬಾಲ್ಡ್‌ವಿನ್ ಶಾಲೆಗಳೂ ಇವೆ. ದಕ್ಷಿಣಕ್ಕೆ ಹೊಂಬೇಗೌಡ ನಗರ, ಲಕ್ಕಸಂದ್ರಗಳನ್ನು ಕಳೆದು ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗಳತ್ತ ಸಾಗುವ ಈ ರಸ್ತೆಯಲ್ಲಿ ರೋಗಿಗಳ ಬಂಧುಗಳಿಗೆ ತಂಗುವ ಎಡೆಯನ್ನೂ ಬುತ್ತಿಯನ್ನೂ ಒದಗಿಸುವ ಸೇವೆ ಯಾವ ಪಂಥದವರು ಕೈಗೊಂಡರೂ ಬೇಡಿಕೆಗೆ ಎಂದೂ ಕೊರತೆಯಿಲ್ಲ.

ಕನ್ನಡ ನಾಡಿಗೆ ಪ್ರಾಟೆಸ್ಟಂಟ್ ಮಿಷನರಿಗಳು ಬಂದುದು ದೀರ್ಘಾವಧಿಯ ಸಂಕಲ್ಪದಿಂದ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಯೂರಿದರು. ಅದೇ ಸಂಸ್ಥೆಯ ಬೆಂಗಳೂರಿನ ಕೆಲಸ 1820ರಲ್ಲಿ ಆರಂಭವಾಯಿತು. ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ 30ರಂದು ಮಂಗಳೂರಿನಲ್ಲಿ ಕಾಲಿಟ್ಟರು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಮಹಾಕೋಶವನ್ನು ಮುಗಿಸಿಕೊಟ್ಟ ಫರ್ಡಿನಂಡ್ ಕಿಟೆಲ್, ಇವರನ್ನು ಬಲ್ಲವರಿಗೆ ದೀರ್ಘ ವಾಸವೊಂದು ಭಾಷೆಗೆ ಏನನ್ನು ಕೊಡಬಲ್ಲುದೆಂಬುದನ್ನು ವಿವರಿಸಬೇಕಾಗಿಲ್ಲ. 1837ರಲ್ಲಿ ಬೆಂಗಳೂರಿಗೆ ಬಂದ ಬೆಂಜಮಿನ್ ರೈಸ್ 1887ರಲ್ಲಿ ತೀರಿಕೊಳ್ಳುವವರೆಗೆ, ಎಂದರೆ ಅರ್ಧ ಶತಮಾನ, ಈ ಊರಿನವರೇ ಆಗಿದ್ದರು. ಅವೆನ್ಯೂ ರಸ್ತೆಯ ಕನ್ನಡ ದೇವಾಲಯ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಆದರೆ ಅಲ್ಪಕಾಲ ಇದ್ದು ಹೋದವರೂ ಅಂದು ಇದ್ದರು, ಅವರಲ್ಲಿ ಇಬ್ಬರನ್ನು ಇಲ್ಲಿ ಹೆಸರಿಸುವುದು ಅಗತ್ಯ. ಐರ್ಲೆಂಡಿನ ವಿಲಿಯಮ್ ಆರ್ಥರ್ ಇಪ್ಪತ್ತರ ಹರೆಯದಲ್ಲಿ, 1839ರಲ್ಲಿ, ವೆಸ್ಲಿಯನ್ ಮಿಷನ್ನಿನ ಪರವಾಗಿ ಬಂದು ಗುಬ್ಬಿಯಲ್ಲಿ ಥಾಮಸ್ ಹಾಡ್ಸನ್ನರೊಡನೆ ಸೇರಿದರು. ಸೂಯೆಜ್ ಕಾಲುವೆ ಇನ್ನೂ ತೆರೆಯದಿದ್ದ ಆ ಕಾಲದಲ್ಲಿ ಆಫ್ರಿಕವನ್ನು ಬಳಸಿ ಬರುವ ಹಡಗಿನಲ್ಲಿ ತಿಂಗಳುಗಟ್ಟಲೆ ಕಳೆದು, ಕನ್ನಡವನ್ನು ಶ್ರದ್ಧೆಯಿಂದ ಕಲಿತು, ಸಂತೆ ಜಾತ್ರೆಗಳಲ್ಲಿ ಮಾತನಾಡುವ ಮಟ್ಟಕ್ಕೆ ಬಂದ ಆ ತರುಣ, ಕಣ್ಣಿನ ಬೇನೆಯಿಂದ ದೃಷ್ಟಿಯೇ ಹೋಗುವ ಭಯ ಒದಗಿ, 1841ರಲ್ಲಿ ಹಿಂದಿರುಗಬೇಕಾಯಿತು. 1847ರಲ್ಲಿ ಅವರು ಪ್ರಕಟಿಸಿದ ‘ಎ ಮಿಷನ್ ಟು ದಿ ಮೈಸೂರ್’ ಎಂಬ ಗ್ರಂಥ ಮೈಸೂರು ಸೀಮೆಯ ಹಳ್ಳಿಗಾಡನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿತು. ಅಲ್ಪಾವಧಿ ಯಾತ್ರಿಕನ ಬರವಣಿಗೆಯ ಗುಣದೋಷಗಳೆರಡೂ ಅದರಲ್ಲಿ ಉಂಟು: ಹೊಸದನ್ನು ಕಂಡ ಕಣ್ಣಿನ ತೀಕ್ಷ್ಣತೆಯೂ ಉಂಟು, ಬಹುಕಾಲ ಜೊತೆಯಲ್ಲಿ ಬಾಳಿ ತಿದ್ದಿಕೊಳ್ಳಬೇಕಾಗಿದ್ದ ಆತುರದ ತೀರ್ಪುಗಳೂ ಉಂಟು.

ಎರಡನೆಯವರು ಅಮೆರಿಕದ ಮೆಥೊಡಿಸ್ಟ್ ಬೋಧಕ ವಿಲಿಯಮ್ ಟೇಲರ್. ಕ್ಯಾಲಿಫೋರ್ನಿಯ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಲ್ಲಿ ಸಂಚರಿಸಿ 1870ರಲ್ಲಿ ಭಾರತಕ್ಕೆ ಬಂದ ಇವರು ಸುಮಾರು ನಾಲ್ಕು ವರ್ಷ ಊರಿಂದೂರಿಗೆ ಸುತ್ತಿ, ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಇಂಗ್ಲಿಷ್ ಮಾತನಾಡುವ ಕುಟುಂಬಗಳ ನಡುವೆ ಕೂಟಗಳನ್ನು ನಡೆಸಿದರು; ರಿಚ್ಮಂಡ್ ಟೌನಿನ ಮೆಥೊಡಿಸ್ಟ್ ಸಭೆಯ ಮೂಲ ಅದು. ಓಹಿಯೋದ ಜಾನ್ ಬಾಲ್ಡ್‌ವಿನ್ ಎಂಬವರ ಧನಸಹಾಯದಿಂದ 1880ರಲ್ಲಿ ಬಾಲ್ಡ್‌ವಿನ್ ಶಾಲೆ ತಲೆಯೆತ್ತಿತು. ಸಭೆಯ ಖರ್ಚನ್ನು ಸಭೆಯೇ ಹೊರಬೇಕು, ಹೊರನಾಡಿನ ಹಣದ ಮೇಲೆ ನಿಲ್ಲಬಾರದು ಎಂಬುದು ಟೇಲರರ ದೃಢವಾದ ನಿಲುವು. ಇದಕ್ಕಿಂತ ಗಮನಾರ್ಹವಾದ ಸಂಗತಿಯೊಂದುಂಟು. 1866ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಇವರ ಮಾತನ್ನು ಖೋಸಾ ಭಾಷೆಗೆ ತಿರುಗಿಸುತ್ತಿದ್ದ ಚಾರ್ಲ್ಸ್ ಪಾಮ್ಲ ಎಂಬ ಆಫ್ರಿಕನ್ ಬೋಧಕರು ತಾವೇ ಪ್ರತಿಭಾವಂತ ವಾಗ್ಮಿಗಳು. ಅಲ್ಲಿ ಜನರ ಮನಸ್ಸನ್ನು ಮುಟ್ಟಿದ ಮಾತುಗಳು ಕೇಳುಗರ ಕಿವಿಗೆ ಬಿದ್ದುದು ಪಾಮ್ಲರ ಬಾಯಿಂದ. ಟೇಲರರ ಹೆಸರಿನಲ್ಲಿ ಅಮೆರಿಕದಲ್ಲಿ ಒಂದು ವಿಶ್ವವಿದ್ಯಾನಿಲಯವೇ ಇದೆ. ಪಾಮ್ಲರ ಹೆಸರು ಅಷ್ಟು ದೂರ ಕೇಳಿಸಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಮಿಷನರಿಯ ಜೀವನದೊಳಗೂ ಅಲ್ಪಾವಧಿಯ ಯಾತ್ರೆಯೊಂದು ಅಡಕವಾಗಿತ್ತು. ಅದೇ ಚಳಿಗಾಲದ ಸಂಚಾರ. ಮಳೆ ನಿಂತು, ಪೈರು ಕಣ ಸೇರುವ ಹೊತ್ತಿಗೆ, ಊರಿನ ಬಂಗಲೆಯನ್ನು ಬಿಟ್ಟು ಎತ್ತಿನ ಬಂಡಿಗಳಲ್ಲಿ ಡೇರೆ, ಮಡಿಸುವ ಮಂಚ, ಪಾತ್ರೆ ಪರಡಿ, ಔಷಧದ ಪೆಟ್ಟಿಗೆ, ಪುಸ್ತಕದ ಕಟ್ಟುಗಳನ್ನು ಹೇರಿಕೊಂಡು ಹೊರಟರೆ, ಕೆರೆಯ ಏರಿಯ ಕೆಳಗಿನ ಮಾವಿನ ತೋಪಿನಲ್ಲಿಯೋ ಊರ ಹೊರಗಿನ ಮುಸಾಫಿರಖಾನೆಯಲ್ಲಿಯೋ ಬೀಡು. ಬಂಡಿಗಳು ರಾತ್ರಿಯೇ ಮುಂದೆ ಸಾಗುವುವು. ಬೆಳಗಿನ ಜಾವ ದೊರೆ, ಎಂದರೆ ಮಿಷನರಿ, ಕುದುರೆಯ ಮೇಲೋ ನಡೆದುಕೊಂಡೋ ಹಿಂದೆ ಬರುವರು. ಬಿಸಿಲೇರುವ ಮೊದಲು ಒಂದೆರಡು ಹಳ್ಳಿಗಳಲ್ಲಿ ಉಪದೇಶ, ನಡುಹಗಲು ಡೇರೆಯ ಬಳಿಗೆ ಬಂದವರೊಡನೆ ಮಾತುಕತೆ ಮತ್ತು ಔಷಧ, ಸಂಜೆ ಮತ್ತೆ ಸಂತೆಯ ಮಾಳ, ರಾತ್ರಿ ದೀಪದ ಬೆಳಕಿನಲ್ಲಿ ಕನ್ನಡ ಪಾಠ ಮತ್ತು ದಿನಚರಿಯ ಬರವಣಿಗೆ, ಇದು ಅಂದಿನ ಕ್ರಮ. ದೊರೆಗಿಂತ ಮೊದಲೇ ಹಳ್ಳಿಗೆ ಹೋಗಿ ಚಾವಡಿಯಲ್ಲಿ ಗೌಡನನ್ನು ಕಂಡು, ಯಾರ ಮನೆಯಲ್ಲಿ ಸಾವಾಗಿದೆ, ಎಲ್ಲಿ ಜಗಳ ನಡೆದಿದೆ, ಯಾವ ಬೀದಿಯಲ್ಲಿ ಇಂದು ಮಾತನಾಡಬಾರದು ಎಂಬುದನ್ನೆಲ್ಲ ಅರಿತು ಬರುತ್ತಿದ್ದವನು ಸ್ಥಳೀಯ ಉಪದೇಶಿ. ವಾಕ್ಯವನ್ನು ತಿದ್ದಿಕೊಡುತ್ತಿದ್ದವನು ಮುನ್ಷಿ. ದೊರೆಸಾನಿ ಕಾಲಿಡಲಾಗದ ನಡುಮನೆಗಳಿಗೆ ಹೋಗಿ ಕುಳಿತು ಮಾತನಾಡುತ್ತಿದ್ದವರು ಬೈಬಲ್ ಸ್ತ್ರೀಯರು. 1864ರಲ್ಲಿ ರೈಲು ಬೆಂಗಳೂರಿನ ದಂಡಿಗೆ ತಲುಪಿದ ಮೇಲೂ ಹಳ್ಳಿಯ ಸಂಚಾರಕ್ಕೆ ಬಂಡಿಯೂ ಉಪದೇಶಿಯೂ ತಪ್ಪಲಿಲ್ಲ.

ಯಾತ್ರೆಯೆಲ್ಲ ಪಶ್ಚಿಮದಿಂದ ಪೂರ್ವಕ್ಕೇ ನಡೆಯಿತೆಂದು ತಿಳಿಯಬಾರದು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಎಂಬ ಹೆಸರನ್ನು ಧರಿಸಿ, 1846ರಿಂದ 1851ರವರೆಗೆ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ದೇವಶಾಸ್ತ್ರವನ್ನು ವ್ಯಾಸಂಗಮಾಡಿ, ಅಭಿಷಿಕ್ತ ಬೋಧಕರಾಗಿ ತಾಯ್ನಾಡಿಗೆ ಮರಳಿದರು. ಅವಧಿಯನ್ನು ನೋಡಿದರೆ ಇದನ್ನು ಅಲ್ಪವೆನ್ನಲಾಗದು. ಆದರೆ ಹೋಗಿ, ಕಲಿತು, ಮರಳುವ ಯಾತ್ರೆಯ ಉತ್ತಮ ಮಾದರಿಯನ್ನು ಕನ್ನಡಿಗರಲ್ಲಿಯೇ ಹುಡುಕುವುದಾದರೆ ಕೌಂಡಿನ್ಯರ ಹೆಸರನ್ನೇ ಮೊದಲು ಹೇಳತಕ್ಕುದು.

ಈಗ ಇಂದಿನ ದಿನಚರಿಗೆ ಬರೋಣ. ಅತಿಥಿಗಳು ಹೆಚ್ಚಾಗಿ ಬರುವುದು ಡಿಸೆಂಬರಿನಿಂದ ಮಾರ್ಚಿಯವರೆಗಿನ ಹಿತವಾದ ಹವೆಯಲ್ಲಿ, ಇಲ್ಲವೆ ತಮ್ಮ ಕಾಲೇಜುಗಳಿಗೆ ರಜೆಯಿರುವ ಜೂನ್ ಜುಲೈ ತಿಂಗಳುಗಳಲ್ಲಿ. ಯೂರೋಪಿನ ಕಡೆಯ ವಿಮಾನಗಳು ಎಷ್ಟೋ ವೇಳೆ ದೇವನಹಳ್ಳಿಯನ್ನು ಮುಟ್ಟುವುದು ನಡುರಾತ್ರಿಯ ಸುಮಾರಿಗೆ. ಅಲ್ಲಿಂದ ಸುಮಾರು 40 ಕಿಲೋಮೀಟರು ಸಾಗಿ ವಿಲ್ಸನ್ ಗಾರ್ಡನ್ನಿನ ತಂಗುಮನೆಯನ್ನು ಸೇರುವಷ್ಟರಲ್ಲಿ ಕರೆತರಲು ಹೋದ ಸಭೆಯ ಹುಡುಗರ ನಿದ್ರೆಯೂ ಕೆಟ್ಟಿರುತ್ತದೆ. ಅಮೆರಿಕದ ಪೂರ್ವ ತೀರಕ್ಕೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ವ್ಯತ್ಯಾಸ. ಆದುದರಿಂದ ಮೊದಲ ಮೂರು ನಾಲ್ಕು ದಿನ ಅತಿಥಿಗಳು ನಸುಕಿನಲ್ಲಿಯೇ ಎಚ್ಚೆತ್ತು ಹಾಸಿಗೆಯ ಮೇಲೆ ಕುಳಿತಿರುತ್ತಾರೆ. ಹಾಗೆ ಕುಳಿತವರಿಗೆ ಬಡಾವಣೆ ತಾನಾಗಿಯೇ ಪರಿಚಯವಾಗುತ್ತದೆ: ನಂದಿನಿ ಹಾಲಿನ ವ್ಯಾನಿನಿಂದ ಪ್ಲಾಸ್ಟಿಕ್ ಟ್ರೇಗಳನ್ನು ಇಳಿಸುವ ಸದ್ದು, ಮಸೀದಿಯ ಬಾಂಗು, ಯಾವುದೋ ಗುಡಿಯ ಸುಪ್ರಭಾತ, ಅಂಗಳಕ್ಕೆ ನೀರೆರಚಿ ಗುಡಿಸುವ ಕಸಬರಿಕೆಯ ಸದ್ದು, ಹೊಸೂರು ರಸ್ತೆಯ ಕಡೆಯಿಂದ ಮೊದಲ ಬಸ್ಸುಗಳ ಮೊರೆತ. ಯಾರೂ ಏರ್ಪಡಿಸದ, ಯಾವ ಕಾರ್ಯಕ್ರಮ ಪಟ್ಟಿಯಲ್ಲಿಯೂ ಕಾಣದ ಈ ಒಂದು ಗಂಟೆಯೇ ಯಾತ್ರೆಯ ಅತ್ಯಂತ ಫಲವತ್ತಾದ ಸಮಯವೆಂದು ಈ ಲೇಖಕನ ಭಾವನೆ. ಏಕೆಂದರೆ ಆಗ ಅವರು ಏನನ್ನೂ ಕೊಡುತ್ತಿರುವುದಿಲ್ಲ, ಕೇಳುತ್ತಿರುತ್ತಾರೆ.

ಅಡುಗೆಮನೆಯಲ್ಲಿ ಐದು ಗಂಟೆಗೇ ಒಲೆ ಹತ್ತುತ್ತದೆ. ಮೊದಲ ಕೆಲಸ ನೀರು ಕಾಯಿಸುವುದು: ದೊಡ್ಡ ತಪ್ಪಲೆಯಲ್ಲಿ ನೀರು ಮರಳುವವರೆಗೂ ಕಾದು, ಆರಿಸಿ, ಬಟ್ಟೆಯಲ್ಲಿ ಸೋಸಿ ಬಾಟಲಿಗಳಿಗೆ ತುಂಬಬೇಕು. ಇಡ್ಲಿಯ ಬಗ್ಗೆ ಚಿಂತೆಯಿಲ್ಲ, ಎಲ್ಲರೂ ತಿನ್ನುತ್ತಾರೆ. ಚಿಂತೆಯೆಲ್ಲ ಸಾರು ಪಲ್ಯಗಳದು. ಮನೆಯವರಿಗೊಂದು ಪಾತ್ರೆ, ಅತಿಥಿಗಳಿಗೆ ಖಾರ ಕಡಿಮೆ ಹಾಕಿದ ಇನ್ನೊಂದು ಪಾತ್ರೆ. ಅತಿಥಿಗಳಲ್ಲಿ ಯಾರಿಗೋ ಕಡಲೆಕಾಯಿ ಆಗದೆಂದು ಮುಂಚೆಯೇ ತಿಳಿಸಿದ್ದರೆ ಚಟ್ನಿಯ ಒರಳನ್ನೂ ಬೇರೆ ತೊಳೆದಿಡಬೇಕು. ಇಷ್ಟೆಲ್ಲ ಎಚ್ಚರಿಕೆ ವಹಿಸಿದ ಮೇಲೂ ಗುಂಪಿನಲ್ಲಿ ಒಬ್ಬಿಬ್ಬರಿಗೆ ಹೊಟ್ಟೆ ಕೆಡುವುದು ಸಾಮಾನ್ಯ; ಆಗ ಅವರ ಬಳಿ ಕುಳಿತು ಉಪ್ಪು ಸಕ್ಕರೆಯ ನೀರನ್ನೂ ಗಂಜಿಯನ್ನೂ ಗುಟುಕುಗುಟುಕಾಗಿ ಕುಡಿಸುವ ಸಭಾಪಾಲಕರ ಮನೆಯವರು, ಸಭೆಯವರ ಬಾಯಲ್ಲಿ ‘ಅಮ್ಮನವರು’, ಭಾಷೆ ಬಾರದೆಯೇ ಆ ಮಕ್ಕಳಿಗೆ ತಾಯಾಗುತ್ತಾರೆ.

ಬೆಳಗಿನ ಪ್ರಾರ್ಥನೆ, ವೇದಪಾಠಗಳಾದ ಮೇಲೆ ದಿನದ ಕೆಲಸ. ಶಾಲೆಯ ಗೋಡೆಗೆ ಬಣ್ಣ ಬಳಿಯುವುದು, ಮಕ್ಕಳಿಗೆ ಇಂಗ್ಲಿಷ್ ಮಾತು ಕಲಿಸುವುದು, ವೃದ್ಧಾಶ್ರಮದಲ್ಲಿ ಹಾಡುವುದು, ಬೇಸಿಗೆಯ ರಜೆಯಾದರೆ ವಿ.ಬಿ.ಎಸ್. ಎಂದು ಹೆಸರಾದ ಮಕ್ಕಳ ರಜಾಶಾಲೆಯಲ್ಲಿ ಅಭಿನಯ ಗೀತೆ, ಕಾಗದದ ಕೈಕೆಲಸ, ಕಥೆ, ಇವು ಸಾಮಾನ್ಯ. ಇವೆಲ್ಲದರ ನಡುವೆ ನಿಂತಿರುವವನು ದುಭಾಷಿ. ಸಭೆಯ ಯುವಜನರಲ್ಲಿ ಇಂಗ್ಲಿಷ್ ಬಲ್ಲವನೊಬ್ಬ ತನ್ನ ಕಚೇರಿಗೆ ರಜೆ ಹಾಕಿ ಬಂದಿರುತ್ತಾನೆ. ಅವನ ಕೆಲಸದ ಸೂಕ್ಷ್ಮವನ್ನು ಹತ್ತಿರದಿಂದ ನೋಡಬೇಕು. ಅತಿಥಿ ಸಭಾಪಾಲಕರನ್ನು ಅವರ ಹೆಸರು ಹಿಡಿದು ಸ್ನೇಹದಿಂದ ಕರೆಯುತ್ತಾನೆ. ದುಭಾಷಿಯ ಬಾಯಲ್ಲಿ ಅದು ‘ಅಯ್ಯನವರು’ ಎಂದಾಗುತ್ತದೆ. ಅತಿಥಿ ಎಲ್ಲರಿಗೂ ಬಳಸುವ ಒಂದೇ ಮಧ್ಯಮಪುರುಷ ಸರ್ವನಾಮವನ್ನು ಇವನು ಕ್ಷಣಮಾತ್ರದಲ್ಲಿ ವಿಂಗಡಿಸಿ, ಮುಂದೆ ಕುಳಿತ ಮುದುಕಿಗೆ ‘ಅಜ್ಜಿ, ನೀವು’ ಎಂದೂ, ಮಗುವಿಗೆ ‘ನೀನು ಪುಟ್ಟಾ’ ಎಂದೂ, ಪ್ರಾರ್ಥನೆಯಲ್ಲಿ ದೇವರಿಗೆ ಮತ್ತೆ ‘ಕರ್ತನೇ, ನೀನು’ ಎಂದೂ ಹೇಳುತ್ತಾನೆ. ಹಿಂದಿನ ಸಾಲಿನಲ್ಲಿ ಲಕ್ಕಸಂದ್ರದ ತಮಿಳು ಮನೆಯವರು ಕುಳಿತಿದ್ದರೆ ಅದನ್ನೇ ತಮಿಳಿನಲ್ಲಿ ಇನ್ನೊಮ್ಮೆ. ಅತಿಥಿಯ ಹತ್ತು ನಿಮಿಷದ ಸಾಕ್ಷಿ ಹೀಗೆ ಅರ್ಧ ಗಂಟೆಯಾಗುತ್ತದೆ. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿರುವುದು ದುಭಾಷಿಯದು.

ಸಂಜೆ ಎಲ್ಲರೂ ವೃತ್ತಾಕಾರವಾಗಿ ಕುಳಿತು ಆ ದಿನ ಕಂಡದ್ದನ್ನು ಹಂಚಿಕೊಳ್ಳುವ ರೂಢಿಯಿದೆ. ಅದಕ್ಕೆ ಆತಿಥೇಯರನ್ನು ಕರೆಯುವ ಗುಂಪುಗಳೂ ಉಂಟು, ಕರೆಯದವೂ ಉಂಟು. ಕರೆದ ಕಡೆ ಮಾತು ಬೇರೆಯದೇ ಆಳಕ್ಕೆ ಇಳಿಯುತ್ತದೆ. ಭಾನುವಾರ ಆರಾಧನೆ. ಪಾಶ್ಚಾತ್ಯ ರಾಗದ ಗೀತೆಗಳು ಅತಿಥಿಗಳಿಗೆ ಪರಿಚಿತ. ತಬಲ ಹಾರ್ಮೋನಿಯಮ್ಮುಗಳೊಡನೆ ಹಾಡುವ ಕನ್ನಡ ಕೀರ್ತನೆಗಳಲ್ಲಿ ಮಾತ್ರ ಅವರು ಮೌನವಾಗಿ ತಾಳವನ್ನು ಅರಸುತ್ತಾರೆ. ಸುಗ್ಗಿಯ ಕೃತಜ್ಞತಾ ಹಬ್ಬ ಆ ಭಾನುವಾರವೇ ಬಿದ್ದರೆ ಅದೃಷ್ಟ: ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ, ಕೋಳಿ, ಮನೆಯಲ್ಲಿ ಮಾಡಿದ ಕೇಕು, ಎಲ್ಲವನ್ನೂ ದೇವಾಲಯದ ಅಂಗಳದಲ್ಲಿ ಹರಾಜು ಹಾಕುವಾಗ, ವಿಧವೆಯೊಬ್ಬಳು ಕಾಣಿಕೆಯಾಗಿ ತಂದ ಒಂದೇ ಒಂದು ನಿಂಬೆಹಣ್ಣು ಕೈಯಿಂದ ಕೈಗೆ ಹೋಗಿ ಮತ್ತೆ ಮತ್ತೆ ಹರಾಜಾಗಿ ಬುಟ್ಟಿಯ ಹಣ್ಣಿಗಿಂತ ಹೆಚ್ಚು ಬೆಲೆಗೆ ಏರುವುದನ್ನು ಅವರು ಕಾಣಬಹುದು.

ಈ ದಿನಚರಿಗೆ ಕಾನೂನಿನ ಎಲ್ಲೆಗಳಿವೆ; ಅವನ್ನು ತಿಳಿಯದೆ ಬರುವುದು ಆತಿಥೇಯರಿಗೆ ಮಾಡುವ ಅಪಚಾರ. ಪ್ರವಾಸಿ ವೀಸಾದ ಮೇಲೆ ಬಂದವರು ದೇವಾಲಯಗಳಿಗೆ ಹೋಗಬಹುದು, ಪ್ರವಚನ ಕೇಳಬಹುದು; ಮತಪ್ರಚಾರ ಮಾಡುವಂತಿಲ್ಲ. ಮಿಷನರಿ ವೀಸಾ ಎಂಬುದು ಬೇರೆಯೇ ಇದೆ. ವಿದೇಶೀಯರನ್ನು ಇಳಿಸಿಕೊಂಡ ತಂಗುಮನೆಯವರು 24 ಗಂಟೆಗಳೊಳಗೆ ಅವರ ವಿವರಗಳನ್ನು ಸಲ್ಲಿಸಬೇಕು. ಅದನ್ನು ನೋಡಿಕೊಳ್ಳುವ ವಿದೇಶೀಯರ ನೋಂದಣಿ ಕಚೇರಿ ಹತ್ತಿರದಲ್ಲಿಯೇ, ಶಾಂತಿನಗರದ ಬಿ.ಎಂ.ಟಿ.ಸಿ. ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ಪರದೇಶದ ವೈದ್ಯರು ಇಲ್ಲಿ ಚಿಕಿತ್ಸೆ ನೀಡಲು ತಾತ್ಕಾಲಿಕ ನೋಂದಣಿ ಬೇಕು. ವಿದೇಶದಿಂದ ಬರುವ ದೇಣಿಗೆ 2010ರ ಅಧಿನಿಯಮಕ್ಕೆ ಒಳಪಟ್ಟದ್ದು. ಆಶ್ರಯಧಾಮಗಳಲ್ಲಿರುವ ಮಕ್ಕಳ ಗುರುತು ಹೊರಗೆಡಹುವ ಚಿತ್ರಗಳನ್ನು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಅಧಿನಿಯಮ ನಿಷೇಧಿಸುತ್ತದೆ.

ಅಲ್ಪಾವಧಿ ಯಾತ್ರೆಯ ಮೇಲಿನ ಆಕ್ಷೇಪಗಳಲ್ಲಿ ಎರಡನ್ನು ಗಂಭೀರವಾಗಿ ಪರಿಗಣಿಸಬೇಕು. ವಿಮಾನಕ್ಕೆ ವೆಚ್ಚವಾದ ಹಣದ ಒಂದಂಶದಿಂದಲೇ ಊರಿನ ಪೇಂಟರುಗಳಿಗೆ ಕೂಲಿ ಕೊಟ್ಟು ಅದೇ ಗೋಡೆಯನ್ನು ಇನ್ನೂ ಚೆನ್ನಾಗಿ ಬಳಿಸಬಹುದಿತ್ತೆಂಬುದು ಒಂದು. ಇದು ನಿಜ, ಗೋಡೆಗಾಗಿಯೇ ಬರುವುದಾದರೆ ಬರಬೇಕಾದುದಿಲ್ಲ. ಎರಡನೆಯದು ಇದಕ್ಕಿಂತ ನೋವಿನದು. ತಂದೆತಾಯಿಗಳಿಲ್ಲದ ಮಕ್ಕಳು ಹತ್ತು ದಿನ ತಮ್ಮನ್ನು ಎತ್ತಿ ಆಡಿಸಿದವರಿಗೆ ಮನಸ್ಸು ಕೊಟ್ಟು, ಹನ್ನೊಂದನೆಯ ದಿನ ಬಾಗಿಲ ಬಳಿ ಕಾದು ಕುಳಿತಿರುತ್ತಾರೆ. ಮುಂದಿನ ವರ್ಷ ಬೇರೆ ಮುಖಗಳು, ಅದೇ ಅಪ್ಪುಗೆ, ಮತ್ತೆ ಅದೇ ಅಗಲಿಕೆ. ಈ ಕಾರಣದಿಂದ ಮಕ್ಕಳ ಧಾಮಗಳಿಗೆ ಹೋಗುವುದನ್ನೇ ಬಿಟ್ಟು, ಅಲ್ಲಿಯ ಆಯಾಗಳಿಗೂ ಶಿಕ್ಷಕಿಯರಿಗೂ ನೆರವಾಗುವ ಕ್ರಮವನ್ನು ಕೈಗೊಂಡವರ ವಿವೇಕ ಅನುಕರಣೀಯ. ಒಂದೇ ಸಭೆಗೆ ಅದೇ ಜನ ವರ್ಷವರ್ಷವೂ ಬಂದು, ಪ್ರತಿಸಲವೂ ನಾಲ್ಕು ಕನ್ನಡ ಮಾತು ಹೆಚ್ಚಾಗಿ ಕಲಿತು, ಇಲ್ಲಿಯ ಯುವಜನರನ್ನೂ ತಮ್ಮ ನಾಡಿಗೆ ಬರಮಾಡಿಕೊಳ್ಳುವ ಸಂಬಂಧಗಳಲ್ಲಿ ಅಲ್ಪಾವಧಿಯ ದೋಷ ಬಹುಮಟ್ಟಿಗೆ ಕಳೆಯುತ್ತದೆ.

ಬೀಳ್ಕೊಡುಗೆಯ ದಿನ ಗಂಧದ ಹಾರ, ಶಾಲು, ಕೆಲವೊಮ್ಮೆ ಮೈಸೂರು ಪೇಟ. ಎಲ್ಲರೂ ಸೇರಿದ ಒಂದು ಫೋಟೋ. ಪೆಟ್ಟಿಗೆಯ ತೂಕ ಮೀರೀತೆಂದು ಅತಿಥಿಗಳು ತಮ್ಮ ಬೂಟು, ಟವೆಲು, ಉಳಿದ ಮಾತ್ರೆಗಳನ್ನು ಕೋಣೆಯಲ್ಲಿಯೇ ಬಿಟ್ಟು ಹೋಗುತ್ತಾರೆ. ಅವನ್ನು ವಿಂಗಡಿಸುವುದೂ, ಹಾಸಿಗೆಯ ಹೊದಿಕೆಗಳನ್ನು ಒಗೆಯಲು ಹಾಕುವುದೂ, ಲೆಕ್ಕ ಬರೆಯುವುದೂ ಮರುದಿನದ ಕೆಲಸ. ದುಭಾಷಿ ಸೋಮವಾರ ಬೆಳಿಗ್ಗೆ ಕಚೇರಿಯ ಬಸ್ಸು ಹಿಡಿಯುತ್ತಾನೆ. ಹೋದವರ ಹೆಸರುಗಳ ಪಟ್ಟಿ ಮಾತ್ರ ವೇದಿಕೆಯ ಮೇಲಿನ ಪುಸ್ತಕದೊಳಗೆ ಉಳಿದು, ಆಮೇಲೂ ಎಷ್ಟೋ ಭಾನುವಾರಗಳ ಮಧ್ಯಸ್ಥ ಪ್ರಾರ್ಥನೆಯಲ್ಲಿ, ಒಂದೊಂದು ವ್ಯಂಜನಕ್ಕೂ ಕನ್ನಡದ ಸ್ವರವನ್ನು ಕೂಡಿಸಿಕೊಂಡು, ಓದಲ್ಪಡುತ್ತದೆ.